ಹಾಡಿನೊಳಗಿನ ಕುದುರೆ

ಹಳೆಯ ಸಿನಿಮಾ ಹಾಡುಗಳೆಂದರೆ ತನಗೆ ಪ್ರಾಣ ಎಂದು ತೋಂಟದಾರ್ಯ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಸಾಹುಕಾರ ಮರುಳಸಿದ್ದಯ್ಯನವರ ಮುಂದೆ ಹೇಳಬಾರದಿತ್ತು. ಸಾಹುಕಾರರಿಗೆ ಅದೇ ಹುಚ್ಚು. ಮಾರನೆಯ ಬೆಳಿಗ್ಗೆ ಅವರು ಅವನ ಮೊಬೈಲಿಗೆ ಒಂದು ಹಾಡು ಕಳಿಸಿ ಫೋನ್ ಮಾಡಿದರು. ಐವತ್ತರ ದಶಕದ ಹಾಡು. ಅಗಲಿದವಳನ್ನು ನೆನೆದು ಒಬ್ಬ ಆಕಳಿಸಿದಷ್ಟು ನಿಧಾನವಾಗಿ ಹಾಡುತ್ತಾನೆ.

“ಸಂಜೆ ನಿಮ್ಮ ಅಟ್ಟದ ಕಾಯಿ ನೋಡಾಕೆ ಬತ್ತೀನಿ. ಅಷ್ಟ್ರಲ್ಲಿ ಇದನ್ನ ಕೇಳಿಡಪ್ಪ. ಸಂಗೀತ ಹೆಂಗೆ ಕಟ್ಟವ್ರೆ ಅಂತ ಮಾತಾಡನ.”

ತೋಂಟದಾರ್ಯನಿಗೆ ಇದು ಒಳ್ಳೆಯದೇ ಆಯಿತು ಎನಿಸಿತು. ಹೊಸದಾಗಿ ಕಿತ್ತ ತೆಂಗಿನಕಾಯಿ ಅಂಗಳದಲ್ಲಿ ಬಿದ್ದಿತ್ತು, ಮಳೆ ಬರುವಂತಿತ್ತು, ಅಟ್ಟ ಖಾಲಿಯಾಗಲೇಬೇಕಿತ್ತು. ಆದರೆ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ವರ್ಷವಿಡೀ ಒಣಗಿದ ಕಾಯಿಯ ಜೊತೆ ಇನ್ನೂ ಒಣಗದ್ದನ್ನೂ ಅವನು ಬೆರೆಸಿದ್ದ. ಸಾಹುಕಾರರು ಅಟ್ಟ ಹತ್ತಿದರೆ ಮುಗಿಯಿತು. ಹಾಡಿನಲ್ಲಿ ಮುಳುಗಿಸಿ ಪಡಸಾಲೆಯಲ್ಲೇ ವ್ಯಾಪಾರ ಮುಗಿಸಿಬಿಟ್ಟರೆ?

ಹೆಂಡತಿ ಗಿರಿಜಾಂಬಿಕಾ ಒಪ್ಪಲಿಲ್ಲ. “ಹಸೀದನ್ನ ಒಣಗಿದ್ದು ಅಂತ ಕೊಡಾದು ಸರಿಯಲ್ಲ ಕಣ್ರೀ. ನಾನು ಬೇರೆ ಮಾಡಿಡ್ತೀನಿ.”

“ಇವತ್ತು ನೀನು ಅಟ್ಟ ಹತ್ತಿದ್ರೆ ನೋಡು ಮತ್ತೆ,” ಎಂದ. ಅವಳು ಒಳಗೆ ಹೋದಳು.

ತೋಂಟದಾರ್ಯ ಪಡಸಾಲೆಯಲ್ಲಿ ಕೂತು ಹಾಡು ಹಚ್ಚಿದ. ಪಿಟೀಲು ತಾಯಿ ಕಾಣದ ಕರುವಿನಂತೆ ರಾಗ ಎಳೆಯಿತು. ಪಲ್ಲವಿ ಮುಗಿದು ಚರಣ ಶುರುವಾಗುವ ಹೊತ್ತಿಗೆ ಹಿಂದೆಲ್ಲೋ ಒಂದು ಸದ್ದು ಬಂತು: ಲೊಟಕ್, ಲೊಟಕ್, ಗುಳುಕ್. ಹಾಡು ನಿಲ್ಲಿಸಿದ, ಸದ್ದೂ ನಿಂತಿತು. ಮತ್ತೆ ಹಚ್ಚಿದ, ಮತ್ತೆ ಬಂತು. ಇದೆಂಥ ವಾದ್ಯವೋ ತಿಳಿಯದೆ ಪಕ್ಕದ ಮನೆಯ ಕೆಂಚಪ್ಪನನ್ನು ಕರೆದ.

ಕೆಂಚಪ್ಪ ಕಿವಿಯ ಮೇಲಿನ ಟವೆಲ್ ಸರಿಸಿ ಕೇಳಿದ. “ಇದು ಕುದ್ರೆ ಗಾಡಿ ಕಣ್ಲಾ. ಲೊಟಕ್ ಅನ್ನಾದು ಗೊರಸು.”

“ಗುಳುಕ್ ಅನ್ನಾದು?”

“ಹಳ್ಳ ದಾಟ್ತೈತೆ. ಅವ್ಳು ಗಾಡೀಲಿ ಹೊಂಟೋಗ್ತಾವ್ಳೆ, ಅದ್ಕೇ ಇವ್ನು ಅಳ್ತಾವ್ನೆ.”

ಅರ್ಥವೇನೋ ಕೂಡಿ ಬಂತು. ಆದರೆ ಎರಡನೆಯ ಸಲ ಕುದುರೆ ತಡವಾಗಿ ಬಂತು. ಮೂರನೆಯ ಸಲ ಹಳ್ಳ ಮೊದಲು, ಗೊರಸು ಆಮೇಲೆ. ತೋಂಟದಾರ್ಯನ ತಲೆ ರಾಟೆಯಂತೆ ತಿರುಗಿತು. “ಒಂದೇ ಹಾಡು, ಒಂದೊಂದು ಸಲ ಒಂದೊಂದು ಥರ ಹೆಂಗ್ಲಾ ಬತ್ತೈತೆ?”

“ಹಳೇ ಕುದ್ರೆ ಅಲ್ವಾ? ಸುಸ್ತಾಗಿರ್ತೈತೆ ಬುಡು.”

ದೊಡ್ಡ ಸ್ಪೀಕರಿನಲ್ಲಿ ಕೇಳೋಣವೆಂದು ಕೆಂಚಪ್ಪನ ಮನೆಗೆ ಹೋದರು. ಪಿಟೀಲು ಬಂತು, ಅಳು ಬಂತು, ಕುದುರೆ ಬರಲೇ ಇಲ್ಲ.

“ನಮ್ಮನೇಗೆ ಬರಾಕೆ ಅದ್ಕೇನು ರೋಗ?” ಎಂದು ಕೆಂಚಪ್ಪನಿಗೆ ಸ್ವಲ್ಪ ಬೇಜಾರೇ ಆಯಿತು. ಬಸ್ ಸ್ಟಾಂಡಿನ ಕಟ್ಟೆಯ ಮೇಲೆ ಹಚ್ಚಿದರು, ತೋಟದ ಪಂಪಿನ ಮನೆಯಲ್ಲಿ ಹಚ್ಚಿದರು. ಇಲ್ಲ. ಮನೆಗೆ ಮರಳಿ ಹಚ್ಚಿದರೆ ಕುದುರೆ ಹಾಜರು.

ಕೊನೆಗೆ ತೋಂಟದಾರ್ಯ ತಾನೇ ಒಂದು ತೀರ್ಮಾನಕ್ಕೆ ಬಂದ. ಅಂಥ ಸೂಕ್ಷ್ಮ ಸದ್ದು ಬಿಚ್ಚಿಕೊಳ್ಳಬೇಕಾದರೆ ತನ್ನ ಮನೆಯಂಥ ಹಳೆಯ ಮರದ ಜಂತೆಯೇ ಬೇಕು. ಹಾಗೆಂದುಕೊಂಡ ಮೇಲೆ ಜಂತೆಯನ್ನು ಎರಡು ಸಲ ಅಭಿಮಾನದಿಂದ ನೋಡಿದ.

ಸಂಜೆ ಸಾಹುಕಾರರು ಬಂದರು. ಗಿರಿಜಾಂಬಿಕಾ ಕಾಫಿ ಕೊಟ್ಟು ಒಳಗೆ ಹೋದಳು. ಹಾಡು ಶುರುವಾಯಿತು, ಕುದುರೆಯೂ ಬಂತು.

“ನೋಡಿ ಸಾವ್ಕಾರ್ರೇ,” ತೋಂಟದಾರ್ಯ ಗಂಟಲು ಸರಿಮಾಡಿಕೊಂಡ. “ಅವ್ಳು ಹೋದ್ಲು ಅಂತ ಬಾಯಲ್ಲಿ ಹೇಳ್ಸಿಲ್ಲ. ಗೊರಸಲ್ಲಿ ಹೇಳ್ಸವ್ರೆ. ಕಣ್ಣೀರನ್ನ ಹಳ್ಳದ ನೀರಲ್ಲಿ ಹೇಳ್ಸವ್ರೆ. ಸಂಗೀತ ಕಟ್ಟಾದು ಅಂದ್ರೆ ಇದು.”

ಸಾಹುಕಾರರು ಕಣ್ಣು ಮುಚ್ಚಿದರು. “ಇನ್ನೊಂದ್ಸಲ ಹಚ್ಚು.”

ಹಚ್ಚಿದ. ಅವರ ತಲೆ ತೂಗತೊಡಗಿತು. ಕಾಯಿಯ ಮಾತೇ ಇಲ್ಲ. ತೋಂಟದಾರ್ಯನ ಎದೆ ಹಗುರಾಯಿತು. ಸಾಹುಕಾರರು ಬೆರಳು ಮಡಿಚುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: “ಒಣಗಿದ್ದು, ಒಣಗಿದ್ದು, ಹಸಿ. ಒಣಗಿದ್ದು. ಹಸಿ, ಹಸಿ.”

“ಅದ್ಯಾವ ತಾಳ ಸಾವ್ಕಾರ್ರೇ?”

ಅವರು ಕಣ್ಣು ಬಿಟ್ಟು ಜಂತೆ ನೋಡಿದರು. “ನಿಮ್ಮ ಅಟ್ಟದ್ದು ಕಣಪ್ಪ. ಕೊಬ್ರಿ ಚಿಪ್ಪು ಬಿಟ್ಟಿದ್ರೆ ಲೊಟಕ್ ಅಂತೈತೆ. ನೀರು ಉಳ್ದಿದ್ರೆ ಗುಳುಕ್ ಅಂತೈತೆ. ಮಾರ್ಕೆಟ್ಟಲ್ಲಿ ನಾನು ಮಾಡಾದೇ ಇದು.” ಎದ್ದವರೇ ಒಳಗೆ ಹೋಗಿ ಏಣಿ ಹತ್ತಿದರು.

ಅಟ್ಟದಲ್ಲಿ ಗಿರಿಜಾಂಬಿಕಾ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕೂತಿದ್ದಳು. ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ. “ಹಾಡು ಹಚ್ಚಿದಾಗ ಮಾತ್ರ ಅಲ್ಲಾಡಿಸ್ತಿದ್ದೆ ಸಾವ್ಕಾರ್ರೇ,” ಎಂದಳು. “ಇವ್ರಿಗೆ ಕೇಳಬಾರ್ದು ಅಂತ.”

ಸಾಹುಕಾರರು ಒಣಗಿದ ರಾಶಿಯನ್ನು ಒಪ್ಪಿಕೊಂಡರು. ಅದು ಚಿಕ್ಕದು. ದೊಡ್ಡದು ಅಟ್ಟದಲ್ಲೇ ಉಳಿಯಿತು. ಅಂಗಳದ ಕಾಯಿಯ ಮೇಲೆ ಆಗಲೇ ಹನಿ ಬೀಳುತ್ತಿತ್ತು.

ಕೆಳಗಿಳಿದು ಚಪ್ಪಲಿ ಮೆಟ್ಟುತ್ತ ಅವರು ಹೇಳಿದರು: “ಭಾನುವಾರ ನಮ್ಮ ಹಾಡಿನ ಬಳಗ ಸೇರ್ತೈತೆ. ನೀನು ಬಂದು ಇದರ ಮೇಲೆ ಮಾತಾಡ್ಬೇಕು. ಕುದ್ರೆ, ಹಳ್ಳ ಏನನ್ನೂ ಬುಡಬೇಡ, ಜನ ನಕ್ಕು ಬಾಳ ದಿನ ಆಯ್ತು. ಸೋಮವಾರ ಲಾರಿ ಕಳಿಸ್ತೀನಿ.”

ಲಾರಿ ಸೋಮವಾರ, ಮಾತು ಭಾನುವಾರ. ತೋಂಟದಾರ್ಯ ಆಗಲಿ ಎಂದು ತಲೆಯಾಡಿಸಿದ. ಸಾಹುಕಾರರ ಕಾರು ಹೋದ ಮೇಲೂ ಬಾಗಿಲಲ್ಲೇ ನಿಂತಿದ್ದ.

“ಒಬ್ರೇ ಹೋಗಿ ಏನು ಹೇಳ್ತೀರಿ,” ಗಿರಿಜಾಂಬಿಕಾ ಕಾಫಿ ಲೋಟ ಎತ್ತಿಕೊಂಡಳು. “ನಾನೂ ಬತ್ತೀನಿ ಬುಡಿ, ಎರಡು ಕಾಯಿ ತಗಂಡು.”