ಬೀಗರ ಬೇಸ್‌ಮೆಂಟಿನಲ್ಲಿ ನನ್ನ ರ್ಯಾಂಕು

ಪರೀಕ್ಷೆಗೆ ಓದುವುದರಲ್ಲಿ ನನ್ನನ್ನು ಮೀರಿಸಿದವರು ಧಾರವಾಡದ ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಓದಿದ್ದು ಅರ್ಥವಾಗುತ್ತಿತ್ತೇ ಎಂಬುದು ಬೇರೆ ಪ್ರಶ್ನೆ, ಅದನ್ನು ಆಗ ಯಾರೂ ಕೇಳಲಿಲ್ಲ. ಹೀಗಾಗಿ ಐವತ್ತೆಂಟನೆಯ ವಯಸ್ಸಿನಲ್ಲಿ ಅಮೆರಿಕನ್ ಫುಟ್‌ಬಾಲ್ ಎಂಬ ಹೊಸ ವಿಷಯ ಎದುರಾದಾಗ ನಾನು ಹೆದರಲಿಲ್ಲ. ಹದಿನೈದು ದಿನ ಸಮಯವಿತ್ತು. ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಕೊಂಡೆ, ಮಾರ್ಜಿನ್ ಎಳೆದೆ, ಮೊದಲ ಪುಟದಲ್ಲಿ ಶ್ರೀ ಬರೆದೆ.

ಇಷ್ಟೆಲ್ಲ ಮಾಡಿದ್ದು ಮಗಳಿಗಾಗಿ. ನಮ್ಮ ಅನಘಾ, ನಾವು ವಲಸೆ ಬಂದ ಈ ಹಿಮದ ದೇಶದಲ್ಲಿ ಪಕ್ಕದೂರಾದ ಜಾರ್ಜ್‌ಟೌನಿನ ರಯಾನ್ ಎಂಬ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದಾಗ ನಾನು ಆರು ತಿಂಗಳು ಮುಖ ಗಂಟಿಕ್ಕಿಕೊಂಡು ತಿರುಗಿದ್ದೆ. ಹುಡುಗ ಮನೆಗೆ ಬಂದರೆ ಪೇಪರು ಓದುತ್ತಿದ್ದೆ, ಪೇಪರು ಮುಗಿದರೆ ಮತ್ತೆ ಮೊದಲಿಂದ ಓದುತ್ತಿದ್ದೆ. ಕೊನೆಗೊಂದು ದಿನ ಅವನು ನಮ್ಮ ಮನೆಯೆದುರಿನ ಡ್ರೈವ್‌ವೇ ಹಿಮವನ್ನು ಹೇಳದೆ ಕೇಳದೆ ಸರಿಸಿ, ಚಹಾನೂ ಕುಡಿಯದೆ ಹೊರಟುಹೋದ. ಅವತ್ತು ನನ್ನ ಗಂಟು ಬಿಚ್ಚಿತು. ಆದರೆ ಆ ಗಂಟಿನ ಸುದ್ದಿ ಅಷ್ಟರಲ್ಲೇ ಜಾರ್ಜ್‌ಟೌನ್ ತಲುಪಿತ್ತು. ಹುಡುಗನ ಅಪ್ಪ ಗ್ಯಾರಿ ನಮ್ಮನ್ನು ಭೇಟಿಯಾಗಲು ಹಿಂದೆ ಮುಂದೆ ನೋಡುತ್ತಿದ್ದರು. ಕೊನೆಗೆ ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆ ಬಂತು.

"ಅಪ್ಪಾ, ದಟ್ ಡೇ ಅವರ ಮನೇಲಿ ಡ್ರಾಫ್ಟ್ ಡಿಬೇಟ್ ಇರ್ತದ," ಎಂದಳು ಅನಘಾ. "ಎವ್ರಿ ಇಯರ್ ಮಾಡ್ತಾರ. ನೀ ಸುಮ್ನ ಕೂತ್ರ ಸಾಕು. ಜಸ್ಟ್ ಸ್ಮೈಲ್."

ಡ್ರಾಫ್ಟ್ ಎಂದರೆ, ಕಾಲೇಜಿನಲ್ಲಿ ಚೆನ್ನಾಗಿ ಆಡಿದ ಹುಡುಗರನ್ನು ದೊಡ್ಡ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಸಮಾರಂಭ. ಗ್ಯಾರಿಯವರ ಪ್ರಾಣವೆಲ್ಲ ಗಡಿಯಾಚೆ ಅಮೆರಿಕದ ಒಂದು ತಂಡದ ಮೇಲೆ. ಆ ತಂಡ ಈ ಸಲ ಮೈದಾನದ ಯಾವ ಜಾಗಕ್ಕೆ ಮೊದಲು ಹುಡುಗನನ್ನು ತರಬೇಕು ಎಂದು ಮನೆಮಂದಿಯೆಲ್ಲ ವಾದ ಮಾಡಿ, ವೋಟು ಹಾಕಿ ತೀರ್ಮಾನಿಸುತ್ತಾರೆ. ತಂಡದವರು ಇವರನ್ನು ಕೇಳುವುದಿಲ್ಲ, ಆ ಮಾತು ಬೇರೆ.

ಸುಮ್ಮನೆ ಕೂರುವುದಂತೆ! ಆರು ತಿಂಗಳು ಸುಮ್ಮನೆ ಕೂತದ್ದಕ್ಕೇ ತಾನೇ ಇಷ್ಟು ರಾದ್ಧಾಂತ? ನಾನು ಮಾತಾಡಬೇಕು, ಅವರ ಆಟವನ್ನು ಅವರಿಗಿಂತ ಚೆನ್ನಾಗಿ ಮಾತಾಡಬೇಕು, ಬೀಗರು ಎದ್ದು ಕೈಕುಲುಕಬೇಕು. ಹಾಗೆಂದು ನಿಶ್ಚಯಿಸಿದೆ.

ಎರಿನ್ ಮಿಲ್ಸಿನ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಅಭ್ಯಾಸ ಶುರುವಾಯಿತು. ಚೆಂಡು ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ ಎಂದು ಬರೆದು ಕೆಂಪು ಗೆರೆ ಎಳೆದೆ. ಪಂದ್ಯ ಮಾತ್ರ ಒಂದನ್ನೂ ನೋಡಲಿಲ್ಲ. ಪುಸ್ತಕ ಇರುವಾಗ ಪಂದ್ಯ ಯಾಕೆ? ಹನ್ನೊಂದನೆಯ ದಿನ ಡ್ರಾಫ್ಟಿನ ಅಧಿಕೃತ ಪಟ್ಟಿ ಸಿಕ್ಕಿತು. ಮೂವತ್ತೆರಡು ತಂಡಗಳು, ಒಂದರಿಂದ ಮೂವತ್ತೆರಡರವರೆಗೆ ನಂಬರು. ಗ್ಯಾರಿಯವರ ತಂಡವನ್ನು ಮೇಲಿನಿಂದ ಹುಡುಕುತ್ತಾ ಬಂದೆ. ಹತ್ತರೊಳಗೆ ಇಲ್ಲ. ಇಪ್ಪತ್ತರೊಳಗೂ ಇಲ್ಲ. ಇತ್ತು, ಇಪ್ಪತ್ತೆಂಟನೆಯದಾಗಿ.

ಪಾಪ, ಇಪ್ಪತ್ತೆಂಟನೇ ರ್ಯಾಂಕು! ಇಂಥ ತಂಡವನ್ನು ಕಟ್ಟಿಕೊಂಡು ಆ ಮನುಷ್ಯ ಎಷ್ಟು ನೊಂದಿರಬೇಕು.

"ಏನ್ರೀ ಅದು, ಒಂದs ಸಮನ ಬರಿಯಾಕತ್ತೀರಿ? ಅನಘಾಗ ಒಮ್ಮೆ ತೋರಸ್ರಿ," ಎಂದಳು ನನ್ನ ಹೆಂಡತಿ ಶಾರದಾ, ಶೇಂಗಾ ಹೋಳಿಗೆಯ ಹೂರಣ ಕುಟ್ಟುತ್ತಾ.

"ಪರೀಕ್ಷಾಕ್ಕಿಂತ ಮೊದಲ ಉತ್ತರಾ ತೋರಸೂದಿಲ್ಲ," ಎಂದೆ.

ಆ ಒಂದು ಮಾತು ಆಡದಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಭಾನುವಾರ ಜಾರ್ಜ್‌ಟೌನಿನ ಮನೆಯ ಬಾಗಿಲಲ್ಲಿ ಗ್ಯಾರಿ, ಅವರ ಹೆಂಡತಿ ಲಿಂಡಾ, ಗ್ಯಾರಿಯವರ ತಮ್ಮ ಡಗ್ ಸಾಲಾಗಿ ನಿಂತಿದ್ದರು. ಗ್ಯಾರಿ ನನ್ನ ಕೈಯನ್ನು ಮುಟ್ಟಿದ ಹಾಗೆ ಮಾಡಿ ಬಿಟ್ಟರು. ಹಾಲಿನಲ್ಲಿ, ನಾವಾದರೆ ದೇವರ ಪಟ ಹಾಕುವ ಜಾಗದಲ್ಲಿ, ಅಗಲ ಭುಜದ ಒಬ್ಬ ಹುಡುಗನ ದೊಡ್ಡ ಫೋಟೋ ಇತ್ತು. ಕಟ್ಟು ಬಂಗಾರದ ಬಣ್ಣದ್ದು, ಕೆಳಗೆ ಪುಟ್ಟ ದೀಪ ಬೇರೆ. ಮಾತು ಶುರುಮಾಡಲು ಒಳ್ಳೆಯ ಎಳೆ ಸಿಕ್ಕಿತೆಂದುಕೊಂಡೆ.

"ನಿಮ್ಮ ಹಿರಿಯ ಮಗನೇ? ಅವನಿಗೆ ಮದುವೆ ಆಗಿದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಡಗ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗ್ಯಾರಿಯವರ ಮುಖದಲ್ಲೂ ಸಣ್ಣ ನಗೆ ಬಂತು. ನಾನೇನೋ ಜೋಕು ಮಾಡಿದೆ ಎಂದು ಅವರು ತಿಳಿದರು, ಮಾಡಿದೆನೇನೋ ಎಂದು ನಾನೂ ತಿಳಿದೆ. ಅನಘಾ ಮಾತ್ರ ನನ್ನ ತೋಳನ್ನು ಚಿವುಟಿದಳು. ಮೆಚ್ಚುಗೆಯ ಚಿವುಟು ಎಂದುಕೊಂಡು ಮುಂದೆ ನಡೆದೆ.

ಊಟವಾದ ಮೇಲೆ ಬೇಸ್‌ಮೆಂಟಿಗೆ ಇಳಿದೆವು. ಒಂದು ಕಡೆ ವೈಟ್‌ಬೋರ್ಡು, ಇನ್ನೊಂದು ಕಡೆ ಗೋಡೆಯ ತುಂಬ ಟಿವಿ. ಅದರಲ್ಲಿ ಆ ತಂಡದ್ದೇ ಹಳೆಯ ಪಂದ್ಯವೊಂದು ಸದ್ದಿಲ್ಲದೆ ಓಡುತ್ತಿತ್ತು. ಮೂಲೆಯ ಮೊಳೆಗೆ ಎರಡು ಕೊಂಬು, ಒಂದು ಗೊಂಡೆ ಇರುವ ಕಿತ್ತಳೆ ಬಣ್ಣದ ಉಲನ್ ಟೋಪಿ ತೂಗುಬಿದ್ದಿತ್ತು. ಒಂದೂ ವೋಟು ಬೀಳದವರು ಮುಂದಿನ ವರ್ಷದವರೆಗೆ ಈ ಮನೆಯವರು ಸೇರಿದಲ್ಲೆಲ್ಲ, ತೆಗೆಸಿಕೊಂಡ ಫೋಟೋದಲ್ಲೆಲ್ಲ ಅದನ್ನು ಹಾಕಿಕೊಳ್ಳಬೇಕಂತೆ. ಯಾರಿಗೆ ಬರುತ್ತದೋ ಪಾಪ ಎಂದುಕೊಂಡೆ.

ಡಗ್ ಬೋರ್ಡಿನ ಬಳಿ ಹೋಗಿ, ಓಡುವ ಹುಡುಗ ಬೇಕೆಂದ. ರಯಾನ್ ಹೋಗಿ ಚೆಂಡು ಹಿಡಿಯುವವನು ಬೇಕೆಂದ. ನಂತರ ಗ್ಯಾರಿ ಮಾರ್ಕರನ್ನು ಅರ್ಧ ಅನುಮಾನದಿಂದ ನನ್ನ ಕಡೆ ಚಾಚಿದರು. ನಾನು ನೋಟ್‌ಬುಕ್ ತೆಗೆದೆ. ಅನಘಾ ಕಣ್ಣು ಮುಚ್ಚಿಕೊಂಡಳು.

ಮೊದಲು ಸಾಂತ್ವನ. ಅದು ನಮ್ಮ ಸಂಸ್ಕೃತಿ. "ಗ್ಯಾರಿಯವರೇ, ಇಪ್ಪತ್ತೆಂಟನೇ ಸ್ಥಾನ ಬಂದಿದೆ ಎಂದು ದಯವಿಟ್ಟು ಎದೆಗುಂದಬೇಡಿ. ನನ್ನ ತಮ್ಮ ಪಿಯುಸಿಯಲ್ಲಿ ಎರಡು ಸಲ ಫೇಲಾಗಿದ್ದ. ಇವತ್ತು ಹೆಡ್‌ಮಾಸ್ಟರ್."

ಗ್ಯಾರಿ ಡಗ್‌ನ ಮುಖ ನೋಡಿದರು. ಮನಸ್ಸಿಗೆ ತಟ್ಟಿದೆ ಎಂದು ಮುಂದುವರಿಸಿದೆ. "ಇಂಥ ಫಲಿತಾಂಶಕ್ಕೆ ಕಾರಣ ಒಂದೇ. ತಲೆ ಸರಿಯಿಲ್ಲದಿದ್ದರೆ ಕೈಕಾಲು ಏನು ಮಾಡೀತು?" ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಒಂದು, ಈಗಿನ ಕ್ವಾರ್ಟರ್‌ಬ್ಯಾಕನ್ನು ಮನೆಗೆ ಕಳಿಸುವುದು. ಕೆಳಗೆ ಎರಡು ಗೆರೆ ಎಳೆದೆ.

ಡಗ್ ಕೈಯಲ್ಲಿದ್ದ ಚಿಪ್ಸು ಕೆಳಗೆ ಬಿತ್ತು. ಲಿಂಡಾ ಎದೆಯ ಮೇಲೆ ಕೈ ಇಟ್ಟುಕೊಂಡರು. ರಯಾನ್ ಮೆಲ್ಲನೆ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಎರಡು ಸಂಗತಿ ಹೇಳಿದ.

ಮೊದಲನೆಯದು, ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ಇಪ್ಪತ್ತೆಂಟು ಎಂದರೆ ಬಹಳ ಒಳ್ಳೆಯ ತಂಡ. ಎರಡನೆಯದು, ಮೇಲೆ ಹಾಲಿನಲ್ಲಿ ದೀಪ ಇಟ್ಟಿರುವ ಫೋಟೋ ಇದೇ ಕ್ವಾರ್ಟರ್‌ಬ್ಯಾಕಿನದು.

ಸೋತವರಿಗೆ ಮೊದಲ ಪಂಕ್ತಿ! ಇಂಥ ನ್ಯಾಯ ಯಾವ ಊರಿನಲ್ಲಿದೆ? ನಮ್ಮಲ್ಲಿ ಒಂದನೇ ನಂಬರು ಎಂದರೆ ಒಂದನೇ ನಂಬರು, ಪೇಪರಿನಲ್ಲಿ ಫೋಟೋ, ಮನೆಗೆ ಪೇಡೆ. ಆದರೆ ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ದೇವರ ಮನೆಯಲ್ಲಿ ನಿಂತು ದೇವರನ್ನು ಬದಲಿಸಿ ಎಂದಿದ್ದೆ. ಅನಘಾಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು, ಕೆಳತುಟಿ ಕಚ್ಚಿಕೊಂಡಿದ್ದಳು. ಐದು ವರ್ಷದವಳಿದ್ದಾಗ ಅಳು ತಡೆಯಲು ಹಾಗೇ ಮಾಡುತ್ತಿದ್ದಳು. ಆರು ತಿಂಗಳು ಮಾತಾಡದೆ ಅರ್ಧ ಕೆಡಿಸಿದ್ದನ್ನು ಐದು ನಿಮಿಷ ಮಾತಾಡಿ ಪೂರ್ತಿ ಕೆಡಿಸಿದೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಆಗ ಲಿಂಡಾ, ಪರಿಸ್ಥಿತಿ ಸುಧಾರಿಸಲೆಂದೋ ಏನೋ, ಶಾರದಾಳನ್ನು ಕೇಳಿದರು. ಶಾರದಾ ಅಷ್ಟು ಹೊತ್ತೂ ಟಿವಿ ನೋಡುತ್ತಾ ಕೂತಿದ್ದಳು. ಎದ್ದೇನೂ ನಿಲ್ಲಲಿಲ್ಲ. ಕೂತಲ್ಲಿಂದಲೇ ಕನ್ನಡದಲ್ಲಿ ಹೇಳಿದಳು, ಅನಘಾ ಇಂಗ್ಲಿಷಿಗೆ ಮಾಡಿದಳು.

"ಚೆಂಡ ಒಗಿಯೋ ಹುಡುಗ ಭಾಳ ಚಲೋ ಅದಾನ. ಆದ್ರ ಪಾಪ, ಒಗಿಯೂದ್ರಾಗ ಮಂದಿ ಬಂದು ಮೈಮ್ಯಾಲೆ ಬೀಳ್ತಾರ. ಅವನ ಮುಂದ ನಿಲ್ಲಾವ್ರು ಗಟ್ಟಿಲ್ಲ. ಮದಿವ್ಯಾಗ ಬಡಸಾವ ಎಷ್ಟ ಜಾಣ ಇದ್ರೇನು, ಮುಂದ ಮಂದಿ ಸರಸಾವ್ರು ಇರಲಿಲ್ಲಂದ್ರ ಸಾರಿನ ಬಕೀಟ ಅವನ ಮ್ಯಾಲೇ ಬೀಳ್ತದ. ಮೊದಲ ಇಬ್ಬರು ದಾಂಡಿಗ ಹುಡುಗೂರ್ನ ತಂದು ಅವನ ಮುಂದ ನಿಲ್ಲಸ್ರಿ. ಉಳಿದದ್ದು ಆಮ್ಯಾಲೆ."

ಗ್ಯಾರಿ ನಿಧಾನವಾಗಿ ಎದ್ದು ನಿಂತರು. ಮೂರು ವರ್ಷದಿಂದ ತಾನು ಇದನ್ನೇ ಬಡಕೊಳ್ಳುತ್ತಿದ್ದೇನೆ, ಈ ಮನೆಯಲ್ಲಿ ಕೇಳುವವರಿಲ್ಲ ಎಂದರು. ಬೀಗರು ಎದ್ದು ಕೈಕುಲುಕಬೇಕೆಂಬ ನನ್ನ ಆಸೆ ಈಡೇರಿತು. ಕುಲುಕಿದ್ದು ಶಾರದಾಳ ಕೈಯನ್ನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಹಿತ್ತಲಲ್ಲಿ ಇಂಥದ್ದೊಂದು ಗಿಡ ಮೂವತ್ತು ವರ್ಷದಿಂದ ಇರುವುದು ನನಗೆ ಅವತ್ತು ಗೊತ್ತಾಯಿತು.

ಚೀಟಿ ಎಣಿಸಿದರು. ಒಟ್ಟು ಏಳು. ಆರು ಶಾರದಾಗೆ. ಏಳನೆಯದು ಲಿಂಡಾಗೆ, ಅದು ಶಾರದಾ ಹಾಕಿದ್ದು. "ಊಟಕ್ಕ ಹಾಕಿದಾಕಿಗೆ ಒಂದರ ಬ್ಯಾಡೇನ್ರೀ?" ಎಂದಳು. ನನಗೆ ಸೊನ್ನೆ. ಅಂದರೆ ನನಗೆ ನಾನೂ ಹಾಕಿಕೊಂಡಿರಲಿಲ್ಲ. ಡಗ್‌ಗೂ ರಯಾನ್‌ಗೂ ಸೊನ್ನೆಯೇ, ಆದರೆ ಕ್ವಾರ್ಟರ್‌ಬ್ಯಾಕನ್ನೇ ಮನೆಗೆ ಕಳಿಸಲು ಹೊರಟವನ ಸೊನ್ನೆ ಎಲ್ಲಕ್ಕಿಂತ ದೊಡ್ಡದು ಎಂದು ತೀರ್ಮಾನವಾಯಿತು.

ಗ್ಯಾರಿ ಮೊಳೆಯಿಂದ ಟೋಪಿ ತೆಗೆದು ನನ್ನೆದುರು ಬಂದರು. ಅವರು ಹೇಳಿದ್ದರ ಸಾರಾಂಶ ಇಷ್ಟು: "ನೀವು ಬಂದು ಒಂದೂ ಮಾತಾಡದೆ ಎದ್ದುಹೋಗುತ್ತೀರಿ ಎಂದು ನಾವು ವಾರದಿಂದ ಹೆದರಿದ್ದೆವು. ನೀವು ನೋಟ್‌ಬುಕ್ಕು ಬರೆದುಕೊಂಡು ಬಂದಿದ್ದೀರಿ. ಅದರಲ್ಲಿ ಒಂದೂ ಸರಿಯಿಲ್ಲ. ಆದರೆ ನನ್ನ ಸ್ವಂತ ತಮ್ಮನೂ ಇಷ್ಟು ಬರೆದವನಲ್ಲ. ಈ ಟೋಪಿ ಮನೆಯವರಿಗೆ ಮಾತ್ರ, ಅತಿಥಿಗಳಿಗೆ ಕೊಡುವುದಿಲ್ಲ."

ತಲೆ ಬಗ್ಗಿಸಿದೆ, ತೊಡಿಸಿದರು. ಅನಘಾ ಬಂದು ನನ್ನನ್ನು ಅಪ್ಪಿಕೊಂಡು, "ಅಪ್ಪಾ, ಯೂ ಆರ್ ಇಂಪಾಸಿಬಲ್," ಎಂದಳು. ನನ್ನ ಕಣ್ಣು ಒದ್ದೆಯಾದದ್ದು ಉಲನ್ ಚುಚ್ಚಿದ್ದರಿಂದ ಎಂದು ಎಲ್ಲರಿಗೂ ಹೇಳಿದೆ.

ಜುಲೈನಲ್ಲಿ ನಿಶ್ಚಿತಾರ್ಥವಾಯಿತು. ನಿಯಮ ನಿಯಮವೇ. ರೇಷ್ಮೆ ಧೋತರ, ಜರಿ ಶಲ್ಯ, ಹಣೆಗೆ ವಿಭೂತಿ, ಅದರ ಮೇಲೆ ಎರಡು ಕೊಂಬು, ಒಂದು ಗೊಂಡೆ. ಹೊರಗೆ ಸುಡುಬಿಸಿಲು. ಫೋಟೋ ಧಾರವಾಡಕ್ಕೂ ಹೋಯಿತು. ಮರುದಿನವೇ ನಮ್ಮಕ್ಕನ ಫೋನು.

"ಅಲ್ಲೋ, ತಲಿ ಮ್ಯಾಲೆ ಏನದು? ಅಲ್ಲೆ ರುಮಾಲು ಹಿಂಗ ಸುತ್ತತಾರೇನು?"

"ಇಲ್ಲಕ್ಕ," ಎಂದೆ. "ಬೀಗರು ಒಂದು ಪರೀಕ್ಷೆ ಇಟ್ಟಿದ್ರು. ಒಂದನೇ ರ್ಯಾಂಕ್ ಬಂತು ಅಂತ ತೊಡಿಸಿದ್ರು."

ಅಕ್ಕನಿಗೆ ಬಹಳ ಹೆಮ್ಮೆಯಾಯಿತು. ಓಣಿಗೆಲ್ಲ ಹೇಳಿ ಬಂದಳಂತೆ. ಇಲ್ಲಿ ಎಣಿಕೆ ಕೆಳಗಿನಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ನಾನು ಅವಳಿಗೆ ಇನ್ನೂ ಹೇಳಿಲ್ಲ.