ಕಾಕಾನ ಹಳದಿ ಪಟ್ಟಿ

ನಮ್ಮ ಕಾಕಾನಂಥ ಬಡಪಾಯಿ ಕಳ್ಳ ಗೋಕಾಕದಲ್ಲಿ ಇನ್ನೊಬ್ಬನಿರಲಿಲ್ಲ! ವಿಜ್ಞಾನದ ಮಾಸ್ತರರಾಗಿ ಅವರು ಶಾಲೆಯಿಂದ ಕದ್ದದ್ದೇನು? ಸೀಮೆಸುಣ್ಣದ ಚೂರು!

ಅದನ್ನು ಕುಟ್ಟಿ ಗಾಜಿನ ನಳಿಗೆಯಲ್ಲಿ ಒತ್ತಿ ತುಂಬುವರು. ಸೊಪ್ಪಿಗೆ ಸೋಡಾ ಹಾಕಿ ಕುದಿಸಿ, ಘಾಸಲೇಟು ಎಣ್ಣೆಯಲ್ಲಿ ಕಲಕಿ, ಮೇಲೆ ನಿಂತ ತಿಳಿಯನ್ನು ನಳಿಗೆಗೆ ಹನಿಸುವರು. ಬಿಳಿ ಸುಣ್ಣದೊಳಗೆ ಹಳದಿ, ಕೇಸರಿ ಬಣ್ಣಗಳು ಬೇರೆ ಬೇರೆ ಪಟ್ಟಿಯಾಗಿ ನಿಲ್ಲುತ್ತಿದ್ದವು.

"ಒಂದೊಂದು ಗಿಡಕ್ಕ ಒಂದೊಂದು ಗುರುತು. ಗಿಡ ಸುಳ್ಳ ಹೇಳೂದಿಲ್ಲವ್ವಾ!" ಎನ್ನುವರು ನನಗೆ.

ಯುದ್ಧದ ಕಾಲ, ಘಾಸಲೇಟು ರೇಷನ್ನಿನಲ್ಲಿ ಬರುತ್ತಿತ್ತು. ದೀಪಕ್ಕಿಲ್ಲದ್ದು ಸುಣ್ಣಕ್ಕೆ! ಕುದಿಸಲು ಒಯ್ಯುತ್ತಿದ್ದುದೋ, ಅವರ ಅಣ್ಣನ ಸೊಸೆಯಾದ ನನ್ನ ಸಾರಿನ ಪಾತೇಲಿ.

ಈ ಹುಚ್ಚಿಗೆ ಕಾರಣವಿತ್ತು. ಕಾಕಾನ ಹೆಂಡತಿ ಕಾಕುಗೆ ದಮ್ಮು. ಹುಕ್ಕೇರಿಯ ವೈದ್ಯರೊಬ್ಬರ ಸೊಪ್ಪಿನ ಪುಡಿ ತಿಂದರೆ ಮಾತ್ರ ಅವರಿಗೆ ನಿದ್ದೆ. ವೈದ್ಯರು ಗುಟ್ಟು ಹೇಳದೆ ತೀರಿಹೋದರು. ಉಳಿದ ಒಂದೇ ಪೊಟ್ಟಣದಲ್ಲಿ ಯಾವ ಯಾವ ಗಿಡವಿದೆಯೆಂದು ಕಾಕಾ ಪತ್ತೆ ಹಚ್ಚಬೇಕಿತ್ತು.

ಕೊನೆಯ ಚಿಟಿಕೆ ಕುದಿಯುತ್ತಿದ್ದ ದಿನ ನನಗೆ ಪಾತೇಲಿಯ ಸಿಟ್ಟು ನೆತ್ತಿಗೇರಿತು. ಹಿತ್ತಲ ಚೆಂಡುಹೂವಿನ ಎಸಳು ಹಿಚುಕಿ ಅದರೊಳಗೆ ಹಾಕಿಬಿಟ್ಟೆ. ಬರೀ ತಮಾಷೆಗೆ! ಸಂಜೆ ಕಾಕಾ ಕುಣಿದಾಡಿದರು: "ಹೊಸಾ ಹಳದಿ ಪಟ್ಟಿ ಬಂದೈತಿ, ನೋಡ ಬಾ!"

ಮರುದಿನದಿಂದ ಆ ಪಟ್ಟಿಯ ಗಿಡಕ್ಕಾಗಿ ತಿರುಗಾಟ. ಮೂಡಲಗಿ, ಕಲ್ಲೋಳಿ, ಕಣಗಲಾ, ಎಲ್ಲ ಊರ ಬೇಲಿಗಳೂ ಬೋಳಾದವು. ಕುರಿ ಕಾಯುವವನೊಬ್ಬ, "ಮಾಸ್ತರ್ರ, ನಮ್ಮ ಕುರಿಗೂ ಒಂದೀಟ ಬಿಡ್ರಿ!" ಎಂದನಂತೆ. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಹೇಳಬೇಕೆಂದರೆ ಹೆದರಿಕೆ. ಇಲ್ಲದ ಗಿಡದ ಬೆನ್ನು ಹತ್ತಿದ ಆ ದಿನಗಳಲ್ಲಿ ಅವರು ಇರುವ ಗಿಡವನ್ನು ಹುಡುಕಬಹುದಿತ್ತಲ್ಲ! ನಾಳೆ ಹೇಳಿದರಾಯಿತು ಎನ್ನುವಷ್ಟರಲ್ಲಿ ಕಾಕು ತೀರಿಕೊಂಡರು.

ತಿಂಗಳ ಮೇಲೆ ಕಾಕಾ ಚೆಂಡುಹೂ ಹಿಡಿದು ಅಡುಗೆಮನೆಗೆ ಬಂದರು.

"ಹಿತ್ತಲ ಗಿಡ ಮದ್ದಲ್ಲ ಅಂತ ಇದೊಂದ ಬಿಟ್ಟಿದ್ದೆ. ಇವತ್ತ ನೋಡಿದೆ, ಅದ ಪಟ್ಟಿ! ಮನ್ಯಾಗ ಇತ್ತವ್ವಾ. ಇದ್ದೂ ಆಕೀಗೆ ಕೊಡಲಿಲ್ಲ ನಾ. ನಾನ ಕೊಂದೆ."

ನಾನು ಹೇಳಿಯೇಬಿಟ್ಟೆ: "ಕಾಕಾರ, ಆ ಹೂ ಹಾಕಿದಾಕಿ ನಾನ ರೀ. ಔಷಧದಾಗ ಅದು ಇರ್ಲೇ ಇಲ್ಲ."

ಬೈಯಲಿ, ಪಾತೇಲಿ ಎತ್ತಿ ಒಗೆಯಲಿ ಎಂದು ಕಾದೆ. ಕಾಕಾ ಹೂವನ್ನು ಒಲೆಯ ಪಕ್ಕದಲ್ಲಿಟ್ಟರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಹಂಗಾರ ನಾ ಕೊಂದಿಲ್ಲ. ಹೇಳಿ ಪುಣ್ಯಾ ಕಟ್ಕೊಂಡಿ, ತಂಗಿ."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.