ಹಿಂದಿನ ಗಾಲಿಯ ಜರುಗಾಟ

ಕಬ್ಬಿಣದ ಸಾಮಾನು ಕಂಡರೆ ಎಣ್ಣೆ ಬಿಡದೆ ಇರಲಾರದ ಮಂದಿ ನಾವು. ಬೋರಗಾಂವದ ಪವರ್‌ಲೂಮ್ ಮನೆಯಲ್ಲಿ ಹುಟ್ಟಿದವನು ನಾನು. ಅಪ್ಪ ಮುಂಜಾನೆ ದೇವರಿಗೆ ಕೈ ಮುಗಿಯುವ ಮೊದಲೇ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಕತ್ತರಿ ಮೊಂಡಾದರೂ ಎಣ್ಣೆ. ಬೇರೆ ಬೀಗದ ಕೀಲಿಕೈ ಹಾಕಿ ತಿರುಗಿಸಿ, ತೆರೆಯಲಿಲ್ಲವೆಂದು ಬೀಗದ ತುಂಬ ಎಣ್ಣೆ ಸುರಿದ ಚಿಕ್ಕಪ್ಪನೂ ನಮ್ಮಲ್ಲಿದ್ದರು. ಮಗ್ಗ ಬಿಟ್ಟು ನಿಪ್ಪಾಣಿಯಲ್ಲಿ ಮಾಸ್ತರನಾದರೂ ಎಣ್ಣೆ ಡಬ್ಬಿ ನನ್ನ ಕೈ ಬಿಟ್ಟಿಲ್ಲ.

ಹೊಟ್ಟೆ ಇಳಿಸಿ ಎಂದು ಡಾಕ್ಟರು ಹೇಳಿದ್ದಕ್ಕೆ ಸೈಕಲ್ ಕೊಂಡೆ. ನನ್ನ ಸ್ಕೂಟರು ಹೆಂಡತಿ ಸುಮಿತ್ರಾಳ ಪಾಲಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದು ಬ್ಲೌಸ್ ಹೊಲಿಯುವ ಅಂಗಡಿ. ದಾರಿಯಲ್ಲೇ ನಮ್ಮ ಶಾಲೆ. "ಸೈಕಲ್ ಕೈ ಕೊಟ್ರ ನನ್ನ ಹಿಂದ ಕುಂಡ್ರಿ. ಗೇಟಿನ ಮುಂದ ಇಳಿಸಿ ಹೋಗ್ತೀನಿ" ಎಂದಳು. ಪ್ರೀತಿಯಿಂದಲೇ ಅಂದಳು, ಪಾಪ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಸ್ಟಾಫ್ ರೂಮಿನಲ್ಲಿ ಸ್ವಾವಲಂಬನೆಯ ಮೇಲೆ ಭಾಷಣ ಬಿಗಿದು ಸೈಕಲ್ ಏರಿದವನು ನಾನು. ಈಗ ಹೆಂಡತಿಯ ಬೆನ್ನ ಹಿಂದೆ ಮುದ್ದೆಯಾಗಿ ಕುಳಿತು ಬಂದಿಳಿಯುವುದನ್ನು ಇಡೀ ಶಾಲೆ ನೋಡಬೇಕೆ? ಏನಾದರೂ ಆಗಲಿ, ಅದೊಂದು ಬೇಡ ಎಂದುಕೊಂಡೆ.

ಹೀಗಿರುವಾಗ ಸೈಕಲ್ಲಿನ ಹಿಂದಿನ ಗಾಲಿ ಜರುಗತೊಡಗಿತು. ಏರಿನಲ್ಲಿ ಜೋರಾಗಿ ತುಳಿದರೆ ಸಾಕು, ಚೈನು ಗಾಲಿಯ ಬಲಗಡೆಯನ್ನು ಮುಂದಕ್ಕೆ ಎಳೆಯುವುದು, ಟೈರು ಫ್ರೇಮಿನ ಎಡಗಡೆಯ ಕಂಬಿಗೆ ಉಜ್ಜಿ ನಿಂತೇಬಿಡುವುದು. ಇಳಿದು, ನಟ್ಟು ತಿರುಗಿಸುವ ಪಾನಾ ತೆಗೆದು, ಗಾಲಿ ನೆಟ್ಟಗೆ ಮಾಡಿ, ಎರಡೂ ಕಡೆಯ ನಟ್ಟು ಬಿಗಿದು ಮತ್ತೆ ಹತ್ತುತ್ತಿದ್ದೆ. ಮುಂದಿನ ಏರಿನಲ್ಲಿ ಮತ್ತದೇ ರಾಗ. ಬಿಗಿದಷ್ಟೂ ಜರುಗುತ್ತದಲ್ಲ ಎಂದು ನಟ್ಟಿಗೆ ಇನ್ನಷ್ಟು ಎಣ್ಣೆ ಬಿಡುತ್ತಿದ್ದೆ. ನೂಕಿಕೊಂಡು ಶಾಲೆ ಸೇರಿದರೆ ಮರಾಠಿ ಮಾಸ್ತರರು, "ಕಾಯ್ ಸರ್, ಇವತ್ತೂ ಸೈಕಲ್ಲಿಗೆ ವಾಕಿಂಗ್ ಮಾಡಿಸ್ಕೋತ ಬಂದ್ರಿ?" ಎಂದು ನಗುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುತ್ತಾರೆ. ಅಂದು ಸುಮಿತ್ರಾ ನಿಂಬೆಹಣ್ಣು, ತೆಂಗಿನಕಾಯಿ ಹಿಡಿದು ಬಂದಾಗ ನಾನು ಎಣ್ಣೆ ಡಬ್ಬಿ ಹಿಡಿದು ಕುಳಿತಿದ್ದೆ.

"ಇದೇನ್ರೀ, ನಟ್ಟಿಗೂ ಎಣ್ಣಿ?"

"ಬಿಗಿ ಕುಂಡರಲಿ ಅಂತ."

"ಎಣ್ಣಿ ಕೈಲೆ ಉಪ್ಪಿನಕಾಯಿ ಡಬ್ಬಿ ಮುಚ್ಚಳ ತಿರುವಿ ನೋಡ್ರಿ. ಹಿಡೀತೈತೋ ಜಾರತೈತೋ ಗೊತ್ತಾಗತೈತಿ."

ಅಯ್ಯೋ ನನ್ನ ಬುದ್ಧಿಯೇ! ನಟ್ಟು ಫ್ರೇಮನ್ನು ಕಚ್ಚಿ ಹಿಡಿಯಬೇಕಾದ ಜಾಗಕ್ಕೇ ನಾನು ಎಣ್ಣೆ ಉಣಿಸುತ್ತಿದ್ದೆ. ಸಾಬೂನು ನೀರಿನಲ್ಲಿ ತಿಕ್ಕಿ, ಒರೆಸಿ, ಒಣಗಿಸಿ ಬಿಗಿದೆ. ಏರು ಹತ್ತಿಸಿದೆ. ಗಾಲಿ ಕದಲಲಿಲ್ಲ. ರಸ್ತೆಯ ಮೇಲೇ ಸಿಳ್ಳೆ ಹೊಡೆದೆ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಮರುದಿನ ಮುಂಜಾನೆ, ಯಾವುದಕ್ಕೂ ಇರಲಿ ಇನ್ನೊಂದು ಸುತ್ತು ಎಂದು, ಪಾನಾದ ಹಿಡಿಕೆಗೆ ಕಬ್ಬಿಣದ ಪೈಪು ಸಿಕ್ಕಿಸಿ ಜೋತುಬಿದ್ದೆ. ಕಟಕ್ಕೆಂದಿತು. ನಟ್ಟಿನ ಒಳಗಿನ ಹಲ್ಲುಗಳೆಲ್ಲ ಹರಿದು, ಅದು ಸುಮ್ಮನೆ ಗಿರಗಿರ ತಿರುಗಿತು. ಶಾಲೆಯ ಗಂಟೆಗೆ ಹೊತ್ತಾಗಿತ್ತು. ಸುಮಿತ್ರಾ ಸ್ಕೂಟರ್ ಶುರು ಮಾಡಿದಳು.

ನೋಡಿದವರು ನನ್ನನ್ನು ದಾರಿಯಲ್ಲಿ ಕೈ ತೋರಿಸಿ ಹತ್ತಿದ ಯಾರೋ ಎಂದುಕೊಳ್ಳಲಿ ಎಂದು ಸೀಟಿನ ಹಿಂದಿನ ತುದಿಯಲ್ಲಿ ಮುಖ ಬಿಗಿದು ಕುಳಿತೆ. ಗೇಟಿನ ಮುಂದೆ ಅವಳು ಬ್ರೇಕ್ ಒತ್ತಿದಳು. ನಾನು ಸರ್ರನೆ ಮುಂದಕ್ಕೆ ಜಾರಿ ಅವಳ ಬೆನ್ನಿಗೆ ಅಪ್ಪಳಿಸಿ, ಬೀಳುವ ಹೆದರಿಕೆಗೆ ಎರಡೂ ಕೈಯಿಂದ ಸೊಂಟ ಹಿಡಿದೆ. ಎದುರಿಗೆ ಇಡೀ ಶಾಲೆ ಪ್ರಾರ್ಥನೆಗೆ ಸಾಲುಗಟ್ಟಿ ನಿಂತಿತ್ತು. ಸುಮಿತ್ರಾ ಹಿಂತಿರುಗಿ ಸಹ ನೋಡದೆ ಕೇಳಿದಳು:

"ಗಾಲಿ ಏನೋ ಜರುಗದಂಗ ಮಾಡಿದ್ರಿ. ನಿಮಗ ಯಾ ನಟ್ಟು ಹಾಕೂನ್ರಿ?"